ಪಿಸ್ಟನ್ ಸೆಟ್ 280 ರೂಪಾಯಿ, ಪೋರ್ಟ್ ಕೆಲಸ 50: ಒಂದು ಹಳೇ ಬಿಲ್ ಬುಕ್ಕಿನ ಲೆಕ್ಕ

ಈ ಸಲದ ಮಾತಿನ ಬರಹ ರೂಪ ಇದು. ವಿಡಿಯೋದಲ್ಲಿ ಲೆಕ್ಕಗಳನ್ನ ಸ್ವಲ್ಪ ಓಡಿಸಿಬಿಟ್ಟಿದ್ದೆ. ಇಲ್ಲಿ ನಿಧಾನವಾಗಿ, ಕೂಡಿಸಿ ಗುಣಿಸಿ ಬರೆದಿದ್ದೀನಿ. ಕಾಫಿ ಹಿಡ್ಕೊಂಡು ಕೂತ್ಕೊಳ್ಳಿ.

2024ರ ದಸರಾಕ್ಕೆ ಪುಣೆಯಿಂದ ಮೈಸೂರಿಗೆ ಹೋಗಿದ್ದೆ. ನಮ್ಮ ಸೋದರಮಾವನ ಮನೆ ಅಟ್ಟದ ಮೇಲೆ ಗೊಂಬೆ ಪೆಟ್ಟಿಗೆ ಇಳಿಸೋಕೆ ಹತ್ತಿದವನಿಗೆ ಒಂದು ಬಿಲ್ ಬುಕ್ ಸಿಕ್ತು. ಮಾವ ಸುಮಾರು ಇಪ್ಪತ್ತೈದು ವರ್ಷ ಒಂದು ಶೆಡ್ಡಿನಲ್ಲಿ ಮೋಟಾರ್ ಸೈಕಲ್ ರಿಪೇರಿ ಮಾಡಿದವರು. ಬಿಲ್ ಬುಕ್ಕಿನ ಅರ್ಧ ಹಾಳೆಗಳು ಗ್ರೀಸಿಗೆ ಅಂಟ್ಕೊಂಡಿದ್ವು. ಬಿಡಿಸಿ ನೋಡಿದ್ರೆ, 1991ರ ಅಕ್ಟೋಬರ್ ತಿಂಗಳ ಒಂದು ಕಾರ್ಬನ್ ಕಾಪಿ. ಗಾಡಿ ಯಮಹಾ ಆರ್‌ಎಕ್ಸ್ 100.

ಪಿಸ್ಟನ್ ಸೆಟ್ 280. ಬ್ಲಾಕ್ ಬೋರಿಂಗ್ 60. ಹೆಡ್ ಸ್ಕಿಮ್ಮಿಂಗ್ 25. ಗ್ಯಾಸ್ಕೆಟ್ ಸೆಟ್ 35. ಪೋರ್ಟ್ ಕೆಲಸ 50. ಒಟ್ಟು 450 ರೂಪಾಯಿ.

ಫೋಟೋ ತೆಗೆದು ಸ್ನೇಹಿತರ ಗ್ರೂಪಿಗೆ ಹಾಕಿದೆ. ಹೈದರಾಬಾದಿನಿಂದ ಒಬ್ಬ, "ಗುರೂ, ಈ ದುಡ್ಡಲ್ಲಿ ಇವತ್ತು ಒಂದು ಪಿಜ್ಜಾ ಬರತ್ತೆ" ಅಂದ. ಚೆನ್ನೈನಿಂದ ಇನ್ನೊಬ್ಬ, "ಅವತ್ತೇ ಹತ್ತು ಬ್ಲಾಕ್ ತಗೊಂಡು ಗೋಣಿಚೀಲದಲ್ಲಿ ಇಟ್ಟಿದ್ರೆ ಇವತ್ತು ಕೆಲಸ ಬಿಡಬಹುದಿತ್ತು" ಅಂದ. ನಾನೂ ನಕ್ಕೆ. ಆಮೇಲೆ ರಾತ್ರಿ ಮಲಗಿದಾಗ ಆ ಕೊನೇ ಸಾಲು ಕಾಡೋಕೆ ಶುರು ಮಾಡ್ತು. ಪೋರ್ಟ್ ಕೆಲಸ, 50 ರೂಪಾಯಿ.

ಆ ಐವತ್ತು ರೂಪಾಯಿ ಏನು ಅನ್ನೋದು ಗೊತ್ತಾಗಬೇಕಾದ್ರೆ ಸ್ವಲ್ಪ ಹಿಂದಕ್ಕೆ ಹೋಗಬೇಕು.

ಮೈಸೂರಿನ ಇಂಜಿನ್ನು

ನಮ್ಮ ಊರಲ್ಲಿ ಮೋಟಾರ್ ಸೈಕಲ್ ಅಂದ್ರೆ ಮೊದಲು ಜಾವಾ. ರುಸ್ತುಂ ಇರಾನಿ ಮತ್ತು ಫಾರೂಖ್ ಇರಾನಿ ಸೇರಿ 1960ರಲ್ಲಿ ಐಡಿಯಲ್ ಜಾವಾ ಕಂಪನಿ ಶುರು ಮಾಡಿದ್ರು. ಝೆಕೊಸ್ಲೊವಾಕಿಯಾದ ಜಾವಾ ಕಂಪನಿ ಜೊತೆ ಲೈಸೆನ್ಸ್ ಒಪ್ಪಂದ, ಫ್ಯಾಕ್ಟರಿ ಯಾದವಗಿರಿಯಲ್ಲಿ. 1973ರಿಂದ ಗಾಡಿಗೆ ಯೆಜ್ಡಿ ಅಂತ ಹೆಸರಾಯ್ತು. 1996ರಲ್ಲಿ ಉತ್ಪಾದನೆ ನಿಂತೋಯ್ತು.

ಜಾವಾ 250ರ ಇಂಜಿನ್ ನೋಡಿದವರಿಗೆ ಗೊತ್ತು: ಒಂದೇ ಸಿಲಿಂಡರು, ಎರಡು ಸೈಲೆನ್ಸರು. ಕಿಕ್ ಹೊಡೆಯೋ ಲಿವರನ್ನೇ ಮುಂದಕ್ಕೆ ತಿರುಗಿಸಿದ್ರೆ ಗೇರ್ ಲಿವರ್. ಪೆಟ್ರೋಲಿಗೆ ಆಯಿಲ್ ಬೆರೆಸಿಯೇ ಹಾಕಬೇಕು. ಬೋರ್ 65 ಮಿಮೀ, ಸ್ಟ್ರೋಕ್ 75 ಮಿಮೀ, ಹತ್ತಿರ ಹತ್ತಿರ 250 ಸಿಸಿ. ಅಷ್ಟಿದ್ರೂ ಹಳೇ ಮಾಡೆಲಿನ ಶಕ್ತಿ ಸುಮಾರು 12 ಎಚ್‌ಪಿ ಅಷ್ಟೇ. ಲೀಟರಿಗೆ ಲೆಕ್ಕ ಹಾಕಿದ್ರೆ 48 ಎಚ್‌ಪಿ. ಅದು ಓಡೋಕೆ ಮಾಡಿದ ಗಾಡಿ ಅಲ್ಲ, ಎಳೆಯೋಕೆ ಮಾಡಿದ ಗಾಡಿ. ಹಿಂದೆ ಹೆಂಡತಿ, ಮುಂದೆ ಮಗು, ಪಕ್ಕದಲ್ಲಿ ತರಕಾರಿ ಚೀಲ ಹಾಕ್ಕೊಂಡು ಚಾಮುಂಡಿ ಬೆಟ್ಟ ಹತ್ತತಿತ್ತು.

ಮಾವ ಕೆಲಸ ಕಲಿತದ್ದು ಆ ಫ್ಯಾಕ್ಟರಿಯಲ್ಲಿ ದುಡಿದ ಒಬ್ಬ ಹಿರಿಯ ಫಿಟ್ಟರ್ ಹತ್ರ. ಸಂಜೆ ಶಿಫ್ಟ್ ಮುಗಿಸಿ ಬಂದು ಆತ ಮನೆ ಮುಂದೆ ಗಾಡಿ ಬಿಚ್ಚೋರು, ಹದಿನಾರು ವರ್ಷದ ಮಾವ ಸ್ಪ್ಯಾನರ್ ಕೊಡೋರು. ಮೈಸೂರಿನ ತುಂಬಾ ಆಗ ಹೀಗೆ ಕಲಿತ ಕೈಗಳಿದ್ವು. ಫ್ಯಾಕ್ಟರಿ ಗೇಟಿಂದ ಹೊರಗೆ ಬಂದದ್ದು ಬರೀ ಗಾಡಿ ಅಲ್ಲ, ವಿದ್ಯೆ ಕೂಡ.

ತಗಡಿನ ಕೊಳವೆಯ ರಹಸ್ಯ

ಈಗ ಸ್ವಲ್ಪ ಯುರೋಪಿಗೆ ಹೋಗಿ ಬರೋಣ. ಟೂ ಸ್ಟ್ರೋಕ್ ಇಂಜಿನ್ನಿಗೆ ಒಂದು ಹುಟ್ಟು ದೋಷ ಇದೆ. ಅದರಲ್ಲಿ ವಾಲ್ವ್ ಇಲ್ಲ, ಸಿಲಿಂಡರ್ ಗೋಡೆಯಲ್ಲೇ ಕಿಂಡಿಗಳು. ಅವೇ ಪೋರ್ಟ್‌ಗಳು. ಪಿಸ್ಟನ್ ಕೆಳಗಿಳಿದಾಗ ಹೊಗೆ ಹೋಗೋ ಕಿಂಡಿ, ಹೊಸ ಪೆಟ್ರೋಲ್ ಗಾಳಿ ಬರೋ ಕಿಂಡಿ ಎರಡೂ ಸ್ವಲ್ಪ ಹೊತ್ತು ಒಟ್ಟಿಗೇ ತೆರೆದಿರತ್ತೆ. ಹಾಗಾಗಿ ಉರಿಯದ ಪೆಟ್ರೋಲ್ ಒಂದಷ್ಟು ಹೊಗೆ ಜೊತೆ ಸೀದಾ ಹೊರಗೆ ಹೋಗಿಬಿಡತ್ತೆ.

ಪೂರ್ವ ಜರ್ಮನಿಯ ಎಂಝಡ್ ಕಂಪನಿಯಲ್ಲಿ ವಾಲ್ಟರ್ ಕಾಡೆನ್ ಅನ್ನೋ ಇಂಜಿನಿಯರ್ ಇದ್ದರು. ಎರಡನೇ ಮಹಾಯುದ್ಧದ ಕಾಲದಲ್ಲಿ ಜರ್ಮನಿಯ ಅಸ್ತ್ರ ಯೋಜನೆಗಳಲ್ಲಿ ಕೆಲಸ ಮಾಡಿದ್ದವರು. ಅವರು ಈ ದೋಷವನ್ನ ಸೈಲೆನ್ಸರಿನ ಆಕಾರದಿಂದಲೇ ಸರಿ ಮಾಡೋ ದಾರಿಯನ್ನ ಪಕ್ವ ಮಾಡಿದ್ರು. ಪೋರ್ಟ್ ತೆರೆದಾಗ ಒಂದು ಒತ್ತಡದ ಅಲೆ ಕೊಳವೆಯೊಳಗೆ ಓಡತ್ತೆ. ಕೊಳವೆ ಅಗಲವಾಗೋ ಜಾಗದಲ್ಲಿ ಅದು ಸೆಳೆತವಾಗಿ ಹಿಂದಿರುಗಿ, ಸಿಲಿಂಡರಿನಲ್ಲಿ ಉಳಿದ ಹೊಗೆಯನ್ನ ಎಳೆದು ಹಾಕತ್ತೆ. ಮುಂದೆ ಕೊಳವೆ ಮತ್ತೆ ಕಿರಿದಾಗೋ ಜಾಗದಲ್ಲಿ ಅದೇ ಅಲೆ ಒತ್ತಡವಾಗಿ ವಾಪಸ್ ಬಂದು, ಹೊರಗೆ ಜಾರಿದ್ದ ಹೊಸ ಪೆಟ್ರೋಲ್ ಗಾಳಿಯನ್ನ ಪೋರ್ಟ್ ಮುಚ್ಚೋ ಮೊದಲು ಒಳಗೆ ತಳ್ಳತ್ತೆ. ಇದೇ ಎಕ್ಸ್‌ಪ್ಯಾನ್ಶನ್ ಚೇಂಬರ್. ಚಲಿಸೋ ಭಾಗ ಒಂದೂ ಇಲ್ಲ. ಬರೀ ತಗಡು, ಬರೀ ಟೈಮಿಂಗ್.

ಲೆಕ್ಕ ಬೇಕು ಅನ್ನೋರಿಗೆ: 8000 ಆರ್‌ಪಿಎಂನಲ್ಲಿ ಇಂಜಿನ್ ಒಂದು ಸುತ್ತು ತಿರುಗೋಕೆ 7.5 ಮಿಲಿಸೆಕೆಂಡ್. ಎಕ್ಸಾಸ್ಟ್ ಪೋರ್ಟ್ ಅರ್ಧ ಸುತ್ತು ತೆರೆದಿರತ್ತೆ ಅಂದ್ಕೊಳ್ಳಿ, 3.75 ಮಿಲಿಸೆಕೆಂಡ್. ಬಿಸಿ ಹೊಗೆಯಲ್ಲಿ ಅಲೆಯ ವೇಗ ಸೆಕೆಂಡಿಗೆ ಸುಮಾರು 500 ಮೀಟರ್. ಅಷ್ಟು ಹೊತ್ತಲ್ಲಿ ಅಲೆ 1.9 ಮೀಟರ್ ಓಡಿರತ್ತೆ. ಹೋಗಿ ಬರೋ ದಾರಿ ಆದ್ದರಿಂದ ಅದರ ಅರ್ಧ, ಅಂದ್ರೆ ಹೆಚ್ಚು ಕಮ್ಮಿ ಒಂದು ಮೀಟರ್ ಉದ್ದದ ಕೊಳವೆ ಬೇಕು. ನಾವು ಎಂಟೆಕ್‌ನಲ್ಲಿ ಇದನ್ನ ಸಿಮ್ಯುಲೇಶನ್ ಹಾಕಿ ನೋಡಿದ್ವಿ. ಮಾವ ಇದನ್ನ ಟ್ವೈನ್ ದಾರ ಹಿಡಿದು ಅಳೀತಿದ್ರು.

1961ರಲ್ಲಿ ಕಾಡೆನ್ ಅವರ 125 ಸಿಸಿ ರೇಸ್ ಇಂಜಿನ್ 25 ಎಚ್‌ಪಿ ಕೊಡ್ತಿತ್ತು. ಲೀಟರಿಗೆ 200. ನಮ್ಮ ಜಾವಾದ 48ರ ಪಕ್ಕ ಇಟ್ಟು ನೋಡಿ. ಅದೇ ವರ್ಷ ಸೆಪ್ಟೆಂಬರಿನಲ್ಲಿ, ಬರ್ಲಿನ್ ಗೋಡೆ ಎದ್ದ ಮರುತಿಂಗಳು, ಎಂಝಡ್ ತಂಡದ ಸವಾರ ಅರ್ನ್‌ಸ್ಟ್ ಡೆಗ್ನರ್ ಸ್ವೀಡನ್ ರೇಸಿಗೆ ಹೋದವರು ವಾಪಸ್ ಪೂರ್ವ ಜರ್ಮನಿಗೆ ಹೋಗಲೇ ಇಲ್ಲ. ಹೆಂಡತಿ ಮಕ್ಕಳನ್ನ ಗುಟ್ಟಾಗಿ ಗಡಿ ದಾಟಿಸಿದ್ರು. ಕಾಡೆನ್ ಅವರ ವಿದ್ಯೆ ಹೊತ್ತುಕೊಂಡು ಜಪಾನಿನ ಸುಝುಕಿ ಸೇರಿದ್ರು. 1962ರಲ್ಲಿ ಸುಝುಕಿ 50 ಸಿಸಿ ವಿಶ್ವ ಚಾಂಪಿಯನ್‌ಶಿಪ್ ಗೆದ್ದಿತು. ಆಮೇಲೆ ಜಪಾನಿನ ಟೂ ಸ್ಟ್ರೋಕ್‌ಗಳು ಜಗತ್ತನ್ನೇ ಆಳಿದ್ವು.

ಮೋಟಾರ್ ಸೈಕಲ್ ಚರಿತ್ರೆಯ ಅತಿ ದುಬಾರಿ ಪರ್ಫಾರ್ಮೆನ್ಸ್ ಪಾರ್ಟ್ ಯಾವುದು ಅಂದ್ರೆ ನಾನು ಇದನ್ನೇ ಹೇಳೋದು. ಒಬ್ಬ ಮನುಷ್ಯನ ತಲೆಯೊಳಗಿದ್ದ ಅಳತೆ. ಅದನ್ನ ಕೊಟ್ಟು ಕಳಕೊಂಡವರು ಕಾಡೆನ್. ಅವರು ಕೊನೆವರೆಗೂ ಪೂರ್ವ ಜರ್ಮನಿಯಲ್ಲೇ ಉಳಿದರು.

ಜಪಾನ್ ಬಂತು, ಪಾರ್ಟ್ಸ್ ಬರಲಿಲ್ಲ

ಆ ಜಪಾನಿ ವಿದ್ಯೆ ನಮ್ಮ ದೇಶಕ್ಕೆ ಬಂದದ್ದು ಎಂಬತ್ತರ ದಶಕದಲ್ಲಿ. 1983ರಲ್ಲಿ ಎಸ್ಕಾರ್ಟ್ಸ್ ಕಂಪನಿ ಯಮಹಾ ಆರ್‌ಡಿ 350 ಗಾಡಿಯನ್ನ ರಾಜದೂತ್ 350 ಅಂತ ಹೊರಗೆ ತಂತು. 1984ರಲ್ಲಿ ಇಂಡ್-ಸುಝುಕಿ ಬಂತು. 1985ರಲ್ಲಿ ಆರ್‌ಎಕ್ಸ್ 100.

ರಾಜದೂತ್ 350ರ ಕಥೆ ಚೆನ್ನಾಗಿದೆ. ಎರಡು ಸಿಲಿಂಡರು, 347 ಸಿಸಿ, ಆರು ಗೇರು. ಜಪಾನಿನ ಮೂಲ ಗಾಡಿ 39 ಎಚ್‌ಪಿ ಕೊಡ್ತಿದ್ರೆ ನಮಗೆ ಕೊಟ್ಟಿದ್ದು 30.5, ಆಮೇಲೆ ಅದನ್ನೂ ಇಳಿಸಿ 27. ಮೈಲೇಜ್ ಬರಲಿ ಅಂತ ಪೋರ್ಟ್‌ಗಳನ್ನ ಕಿರಿದು ಮಾಡಿದ್ರು. ಡಿಸ್ಕ್ ಬ್ರೇಕ್ ಬದಲು ಡ್ರಮ್ ಹಾಕಿದ್ರು. ಬೆಲೆ ಸುಮಾರು 18 ಸಾವಿರ. ಅಷ್ಟು ಕೊಟ್ಟು ಇಷ್ಟು ಪೆಟ್ರೋಲ್ ಕುಡಿಯೋ ಗಾಡಿ ಯಾರು ತಗೋತಾರೆ? ಆ ದಶಕದ ಕೊನೆ ಹೊತ್ತಿಗೆ ಅದರ ಕಥೆ ಮುಗೀತು. ತೊಂಬತ್ತರ ದಶಕದಲ್ಲಿ ಸೆಕೆಂಡ್ ಹ್ಯಾಂಡ್ ಆರ್‌ಡಿಗಳನ್ನ ಕೇಳೋರೇ ಇರಲಿಲ್ಲ. ಮಾವನ ಶೆಡ್ಡಿನ ಹಿಂದೆ ಒಂದು ವರ್ಷಗಟ್ಟಲೆ ನಿಂತಿತ್ತು. ಕೊನೆಗೆ ಗುಜರಿಯವನು ತೂಕಕ್ಕೆ ಹಾಕಿ ಒಯ್ದ. ಇವತ್ತು ಆ ಗಾಡಿಯ ಒಂದು ಸೈಲೆನ್ಸರಿಗೆ ಜನ ಚೆನ್ನೈ ಪುದುಪೇಟೆಯಿಂದ ದೆಹಲಿ ಮಾಯಾಪುರಿವರೆಗೆ ಅಲೀತಾರೆ.

ಆರ್‌ಎಕ್ಸ್ 100 ಇದಕ್ಕೆ ಉಲ್ಟಾ. ಬೋರ್ 50, ಸ್ಟ್ರೋಕ್ 50, 98 ಸಿಸಿ, 11 ಎಚ್‌ಪಿ, ನೂರು ಕೆಜಿ ಆಸುಪಾಸಿನ ತೂಕ. ಲೀಟರಿಗೆ 112 ಎಚ್‌ಪಿ. ಇನ್ನೂರೈವತ್ತು ಸಿಸಿ ಜಾವಾ ಓಡಿಸ್ತಿದ್ದ ಊರಿಗೆ ಇದು ಬಂದಾಗ ಏನಾಗಿರಬೇಡ! "ಆಕ್ಸಿಲರೇಟರ್ ಮುಟ್ಟೋದಲ್ಲ ಮಗ, ಯೋಚನೆ ಮಾಡಿದ್ರೆ ಸಾಕು ಹೋಗ್ತಿತ್ತು" ಅಂತಾರೆ ಮಾವ.

ಆದ್ರೆ ಗಾಡಿ ಬಂತು, ಅದನ್ನ ಇನ್ನೂ ಓಡಿಸೋ ಸಾಮಾನು ಬರಲಿಲ್ಲ. ಅಮೆರಿಕ, ಇಂಗ್ಲೆಂಡಿನಲ್ಲಿ ಆಗ ಹುಡುಗರು ಕ್ಯಾಟಲಾಗ್ ನೋಡಿ ಚೇಂಬರ್, ರೀಡ್ ವಾಲ್ವ್, ಕಾರ್ಬುರೇಟರ್ ತರಿಸ್ಕೋತಿದ್ರು. ನಮ್ಮಲ್ಲಿ ಆಮದಿಗೆ ಲೈಸೆನ್ಸ್ ಬೇಕು. 1991ರ ಬಜೆಟ್ಟಿನಲ್ಲಿ ಅತಿ ಹೆಚ್ಚಿನ ಕಸ್ಟಮ್ಸ್ ಸುಂಕವನ್ನ ಇಳಿಸಿದ್ರು, ಎಷ್ಟಕ್ಕೆ ಗೊತ್ತಾ? ಶೇಕಡಾ 150ಕ್ಕೆ. ಇಳಿಸಿದ ಮೇಲೆ 150! ಅಂಥಾ ದೇಶದಲ್ಲಿ ಮೈಸೂರಿನ ಹುಡುಗ ಪರ್ಫಾರ್ಮೆನ್ಸ್ ಪಾರ್ಟ್ ಎಲ್ಲಿಂದ ತರ್ತಾನೆ?

ತರಲಿಲ್ಲ. ಮಾಡಿಸ್ಕೊಂಡ.

ಐವತ್ತು ರೂಪಾಯಿಯ ಕೆಲಸ

ಪೋರ್ಟ್ ಕೆಲಸ ಅಂದ್ರೆ ಇಷ್ಟು. ಬ್ಲಾಕ್ ಬಿಚ್ಚಬೇಕು. ಸಿಗರೇಟ್ ಪ್ಯಾಕಿನ ರಟ್ಟು ಕತ್ತರಿಸಿ ಪೋರ್ಟಿನ ಅಚ್ಚು ತೆಗೀಬೇಕು. ಎಕ್ಸಾಸ್ಟ್ ಪೋರ್ಟಿನ ಮೇಲಿನ ಅಂಚನ್ನ ಸಣ್ಣ ಅರದಿಂದ ಒಂದು ಮಿಲಿಮೀಟರ್, ಹೆಚ್ಚಂದ್ರೆ ಒಂದೂವರೆ, ಉಜ್ಜಿ ಮೇಲಕ್ಕೆ ಏರಿಸಬೇಕು. ಅಂಚು ಚೂಪಾಗಿ ಬಿಟ್ರೆ ಪಿಸ್ಟನ್ ರಿಂಗ್ ಸಿಕ್ಕಿಹಾಕ್ಕೊಂಡು ಮುರಿಯತ್ತೆ, ಹಾಗಾಗಿ ಎಮರಿ ಪೇಪರಿನಲ್ಲಿ ದುಂಡಗೆ ಮಾಡಬೇಕು. ಆಮೇಲೆ ಲೇಥಿನಲ್ಲಿ ಹೆಡ್ ಸ್ವಲ್ಪ ಕೆತ್ತಿಸಿ ಕಂಪ್ರೆಶನ್ ಏರಿಸಬೇಕು, ಜೆಟ್ ಬದಲಿಸಬೇಕು, ಸ್ಪಾರ್ಕ್ ಪ್ಲಗ್ಗಿನ ಬಣ್ಣ ನೋಡಿ ಮತ್ತೆ ಸರಿ ಮಾಡಬೇಕು.

ನಾವು ಕೋಡ್ ಬರೆಯೋ ಜನ. ತಪ್ಪಾದ್ರೆ ಹಿಂದಿನ ವರ್ಶನ್ನಿಗೆ ಹೋಗ್ತೀವಿ. ಅಲ್ಲಿ ಹಾಗಿಲ್ಲ. ಅರ ಒಂದು ಸಲ ಹೆಚ್ಚು ಉಜ್ಜಿದ್ರೆ ಲೋಹ ವಾಪಸ್ ಬರಲ್ಲ. ಅರ್ಧ ಮಿಲಿಮೀಟರ್ ಜಾಸ್ತಿ ಹೋದ್ರೆ ಕೆಳಗಿನ ಪಿಕಪ್ ಸತ್ತೋಗತ್ತೆ, ಗಾಡಿ ಸಿಗ್ನಲ್ಲಿನಲ್ಲಿ ಏಳೋದೇ ಇಲ್ಲ. ಆ ಬ್ಲಾಕ್ ಗಿರಾಕಿಯದು. ಕೆಟ್ಟರೆ ಮಾವನೇ ಹೊಸದು ಕೊಡಿಸಬೇಕು.

ಮಾವ ಈ ವಿದ್ಯೆಯ ಅರ್ಧ ಕಲಿತದ್ದು ಶೋಳಾವರಂನಲ್ಲಿ. ಚೆನ್ನೈನಲ್ಲಿರೋ ಕನ್ನಡಿಗರಿಗೆ ಈ ಹೆಸರು ಪರಿಚಯ ಇರಬೇಕು. ಮದರಾಸಿನ ಹೊರಗೆ, ಹಳೇ ಯುದ್ಧಕಾಲದ ವಿಮಾನ ಪಟ್ಟಿಯ ಮೇಲೆ ಮದ್ರಾಸ್ ಮೋಟಾರ್ ಸ್ಪೋರ್ಟ್ಸ್ ಕ್ಲಬ್ಬಿನವರು ದಶಕಗಳ ಕಾಲ ರೇಸ್ ನಡೆಸ್ತಿದ್ರು. 1990ರ ಸುಮಾರಿಗೆ ಶ್ರೀಪೆರಂಬುದೂರಿನ ಹತ್ರ ಇರುಂಗಾಟ್ಟುಕೋಟೈನಲ್ಲಿ ಸರಿಯಾದ ಟ್ರ್ಯಾಕ್ ಆಗೋವರೆಗೆ ದಕ್ಷಿಣದ ಹುಡುಗರಿಗೆ ಅದೇ ಕಾಶಿ. ಮಾವ ಎರಡು ಸಲ ರಾತ್ರಿ ರೈಲು ಹತ್ತಿ ಹೋಗಿ, ಪಿಟ್ಟಿನ ಪಕ್ಕ ನಿಂತು, ತೆರೆದಿಟ್ಟ ಇಂಜಿನ್‌ಗಳನ್ನ ಕಣ್ಣಲ್ಲೇ ಅಳೆದು ಬಂದರು. ಬಂದು ಚೇಂಬರ್ ಮಾಡೋಕೆ ಹೊರಟರು. ತಗಡಿನ ಶಂಕುಗಳನ್ನ ಕತ್ತರಿಸಿ, ಗ್ಯಾಸ್ ವೆಲ್ಡಿಂಗ್ ಮಾಡಿಸಿದರು. ಮೊದಲ ಮೂರು ಕೊಳವೆ ಕೆಲಸಕ್ಕೆ ಬರಲಿಲ್ಲ. ನಾಲ್ಕನೆಯದು ಹಾಡಿತು.

ಆ ನಾಲ್ಕು ಕೊಳವೆಯ ಖರ್ಚು, ಎರಡು ರೈಲು ಟಿಕೆಟ್ಟು, ಹಾಳಾದ ಬ್ಲಾಕು ಯಾವುದೂ ಯಾವ ಬಿಲ್ಲಿನಲ್ಲೂ ಇಲ್ಲ.

ಈಗ ಗುಣಾಕಾರ

1991ರ 450 ರೂಪಾಯಿ ಇವತ್ತಿನ ಎಷ್ಟು? ಇದಕ್ಕೆ ನಮಗೆಲ್ಲ ಗೊತ್ತಿರೋ ಒಂದು ಸರ್ಕಾರಿ ಸಂಖ್ಯೆ ಇದೆ. ಫ್ಲ್ಯಾಟೋ ಸೈಟೋ ಮಾರಿದಾಗ ಆಡಿಟರ್ ಹಾಕ್ತಾರಲ್ಲ, ಕಾಸ್ಟ್ ಇನ್‌ಫ್ಲೇಶನ್ ಇಂಡೆಕ್ಸ್. ಹಳೇ ಸರಣಿಯಲ್ಲಿ 1991-92ಕ್ಕೆ 199, 2001-02ಕ್ಕೆ 426. ಹೊಸ ಸರಣಿಯಲ್ಲಿ 2001-02ನ್ನ 100 ಅಂತ ಇಟ್ಟು, 2024-25ಕ್ಕೆ 363. ಎರಡನ್ನೂ ಜೋಡಿಸಿ ಗುಣಿಸಿದ್ರೆ ಸುಮಾರು 7.8 ಪಟ್ಟು. ಈ ಸೂಚ್ಯಂಕ ಬೆಲೆ ಏರಿಕೆಯ ಮುಕ್ಕಾಲು ಪಾಲನ್ನಷ್ಟೇ ಲೆಕ್ಕಕ್ಕೆ ತಗೊಳ್ಳತ್ತೆ. ಅಂದ್ರೆ ನಿಜವಾದ ಪಟ್ಟು ಇನ್ನೂ ಜಾಸ್ತಿ. ಇರಲಿ, ಕಮ್ಮಿಯದ್ದೇ ಹಿಡಿಯೋಣ. 450 ರೂಪಾಯಿ ಅಂದ್ರೆ 2024-25ರ 3,500.

ಇನ್ನೊಂದು ಕಡೆಯಿಂದ ನೋಡಿ. ನಾಲ್ಕನೇ ವೇತನ ಆಯೋಗ 1986ರಿಂದ ಕೇಂದ್ರ ಸರ್ಕಾರಿ ನೌಕರನಿಗೆ ಗೊತ್ತು ಮಾಡಿದ ಕನಿಷ್ಠ ಮೂಲ ವೇತನ ತಿಂಗಳಿಗೆ 750 ರೂಪಾಯಿ, ತುಟ್ಟಿಭತ್ಯೆ ಬೇರೆ. ಒಂದು ಪಿಸ್ಟನ್ ಸೆಟ್ 280 ಅಂದ್ರೆ ಆ ಮೂಲ ವೇತನದ ಮೂರನೇ ಒಂದು ಭಾಗಕ್ಕಿಂತ ಜಾಸ್ತಿ. ಏಳನೇ ಆಯೋಗ 2016ರಲ್ಲಿ ಅದೇ ಕನಿಷ್ಠವನ್ನ 18,000 ಮಾಡ್ತು. ಆ ಪ್ರಮಾಣದಲ್ಲಿ ಪಿಸ್ಟನ್ ಸೆಟ್ 6,700 ರೂಪಾಯಿ ಆಗಬೇಕಿತ್ತು.

ಆಗಿಲ್ಲ. ಹೇಗೆ ಗೊತ್ತು ಅಂದ್ರೆ, ನಾನೇ ಕೊಂಡೆ.

ಮಾವನ ಹತ್ರ ಅವರದ್ದೇ ಒಂದು ಆರ್‌ಎಕ್ಸ್ 100 ಇದೆ. 2006ರಲ್ಲಿ ಶೆಡ್ ಮಾರಿದ ಮೇಲೆ ಅದು ಹಿತ್ತಲಲ್ಲಿ ಟಾರ್ಪಾಲ್ ಹೊದ್ದುಕೊಂಡು ನಿಂತಿತ್ತು. "ತಗೊಂಡು ಹೋಗೋ, ಇಲ್ಲಿ ಕೋಳಿ ಕೂತ್ಕೊಳ್ಳೋಕೆ ಅಷ್ಟೇ ಆಗ್ತಿದೆ" ಅಂದ್ರು. ಇಂಜಿನ್ ಮಾತ್ರ ಇಳಿಸಿ ಪುಣೆಗೆ ತಂದೆ. ನಾನಾ ಪೇಠೆಯಲ್ಲಿ ಸಾಮಾನು, ಅಲ್ಲೇ ಹತ್ರದ ಒಂದು ಲೇಥ್ ಅಂಗಡಿಯಲ್ಲಿ ಕೆಲಸ. 2025ರ ಜನವರಿಯ ನನ್ನ ಖರ್ಚು ಹೀಗಿದೆ. ಇದು ನನ್ನೊಬ್ಬನ ರಸೀದಿ, ಸರ್ವೆ ಅಲ್ಲ.

ಪಿಸ್ಟನ್ ಸೆಟ್ 1,450. ಹಳೇ 280ನ್ನ 2024-25ಕ್ಕೆ ತಂದರೆ 2,180. ಅಂದ್ರೆ ಈಗ ಸಸ್ತಾ.

ಗ್ಯಾಸ್ಕೆಟ್ 250. ಹಳೇ 35ನ್ನ ತಂದರೆ 270. ಹೆಚ್ಚು ಕಮ್ಮಿ ಅಲ್ಲಿಗೇ.

ಬೋರಿಂಗ್ 700. ಹಳೇ 60ನ್ನ ತಂದರೆ 470. ಸ್ವಲ್ಪ ಏರಿದೆ.

ಹೆಡ್ ಸ್ಕಿಮ್ಮಿಂಗ್ 400. ಹಳೇ 25ನ್ನ ತಂದರೆ 195. ಎರಡು ಪಟ್ಟು.

ಪೋರ್ಟ್ ಕೆಲಸ 3,000. ಹಳೇ 50ನ್ನ ತಂದರೆ 390. ಸುಮಾರು ಎಂಟು ಪಟ್ಟು.

ಸಾಲಾಗಿ ಇಟ್ಟಾಗ ಒಂದು ವಿಷಯ ಕಣ್ಣಿಗೆ ಹೊಡೀತು. ಇವತ್ತೂ ಯಾರಾದ್ರೂ ತಯಾರಿಸೋ ಸಾಮಾನಿನ ಬೆಲೆ ಏರಿಲ್ಲ, ಇಳಿದಿದೆ. ಕೈ ಎಷ್ಟು ಬೇಕೋ ಅಷ್ಟು ಬೆಲೆ ಏರಿದೆ. "ಆಗ ಎಷ್ಟು ಸಸ್ತಾ ಇತ್ತು" ಅಂತೀವಲ್ಲ, ಆ ಸಸ್ತಾ ಪಿಸ್ಟನ್ನಿನದ್ದಲ್ಲ. ಅದು ಮಾವನ ಕೈಯದ್ದು.

ಬ್ಲಾಕಿಗೆ ನಾಲ್ಕೇ ಜನ್ಮ

ಹಾಗಾದ್ರೆ ಹಳೇ ಒರಿಜಿನಲ್ ಸಾಮಾನಿಗೆ ಹತ್ತಾರು ಸಾವಿರ ಕೇಳ್ತಾರಲ್ಲ, ಅದೇನು? ಅದು ಬೇರೆಯೇ ಲೆಕ್ಕ.

ಆರ್‌ಎಕ್ಸ್ 100ರ ಬೋರ್ ಹುಟ್ಟುವಾಗ 50 ಮಿಮೀ. ಸವೆದಾಗ ಕಾಲು ಮಿಲಿಮೀಟರ್ ಕೊರೆದು ದೊಡ್ಡ ಪಿಸ್ಟನ್ ಹಾಕ್ತಾರೆ. ಆಮೇಲೆ ಅರ್ಧ, ಮುಕ್ಕಾಲು, ಕೊನೆಗೆ ಒಂದು. ಅಲ್ಲಿಗೆ ಮುಗೀತು. ಮುಂದೆ ಲೈನರ್ ಬದಲಿಸಿ, ಪೋರ್ಟ್‌ಗಳನ್ನ ಕೈಯಲ್ಲೇ ಹೊಸದಾಗಿ ಹೊಂದಿಸಬೇಕು. ಗಾಡಿ ತಯಾರಿ 1996ರಲ್ಲೇ ನಿಂತಿದೆ. ಅವತ್ತಿಂದ ಒಂದೊಂದು ಬೋರಿಂಗಿಗೂ ದೇಶದಲ್ಲಿರೋ ಒರಿಜಿನಲ್ ಬ್ಲಾಕ್‌ಗಳ ಆಯಸ್ಸು ಕಾಲು ಕಾಲು ಮಿಲಿಮೀಟರ್ ಕಮ್ಮಿ ಆಗ್ತಾ ಬಂದಿದೆ. ಬೇಡಿಕೆ ಮಾತ್ರ ಏರ್ತಾ ಇದೆ. ಯಾಕಂದ್ರೆ ಆಗ ಹಿಂದಿನ ಸೀಟಲ್ಲಿ ಕೂತಿದ್ದ ಮಕ್ಕಳೆಲ್ಲ ಈಗ ಸಂಬಳ ತಗೊಳ್ತಿದ್ದೀವಿ. ಬೆಲೆ ಏರಿಸಿದವರು ವ್ಯಾಪಾರಿಗಳಷ್ಟೇ ಅಲ್ಲ ಸ್ವಾಮಿ, ನಾವೇ.

ನಾನೂ ಆ ಮರುಳಿಗೆ ಬಿದ್ದೆ. ಮೊದಲ ಗಾಡಿಗಳಿಗೆ ಜಪಾನಿಂದಲೇ ಬಂದ ಬ್ಲಾಕ್, "ಜಪಾನ್" ಅಂತ ಅಚ್ಚಿರೋದು, ಸ್ಟ್ಯಾಂಡರ್ಡ್ ಬೋರ್, ಅಂತ ಆನ್‌ಲೈನಿನಲ್ಲಿ ಒಬ್ಬ ಮಾರಾಟಗಾರನಿಗೆ 14,000 ಕೊಟ್ಟೆ. ಪಾರ್ಸೆಲ್ ಬಂದ ದಿನ ಮಾವನಿಗೆ ವಿಡಿಯೋ ಕಾಲ್ ಮಾಡಿ ಹೆಮ್ಮೆಯಿಂದ ತೋರಿಸಿದೆ.

"ಹತ್ರ ಹಿಡಿ. ಆ ಅಕ್ಷರ ತೋರಿಸು. ಉಗುರಲ್ಲಿ ಸವರು, ಉಬ್ಬಿದೆಯೋ ತಗ್ಗಿದೆಯೋ?"

"ತಗ್ಗಿದೆ ಮಾವ."

"ಎರಕದಲ್ಲೇ ಬಂದ ಅಕ್ಷರ ಅಲ್ಲ ಕಣೋ ಅದು. ಆಮೇಲೆ ಯಾರೋ ಪಂಚ್ ಹೊಡೆದಿದ್ದಾನೆ. ಅಕ್ಷರ ನೋಡಿದ್ರೆ ಸಾಲೂ ಸರಿ ಇಲ್ಲ. ಎಷ್ಟು ಕೊಟ್ಟೆ?"

ಹೇಳಿದೆ. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, "ನಾನು ಇನ್ನೂರ ಎಂಬತ್ತು ಸಲ ಪೋರ್ಟ್ ಉಜ್ಜಿದ್ರೆ ಅಷ್ಟು ಬರ್ತಿತ್ತು" ಅಂದರು. ನಗ್ತಾನೇ ಅಂದರು. ಲೆಕ್ಕ ಹಾಕಿ ನೋಡಿದೆ. 14,000 ಭಾಗಿಸು 50. ಸರಿಯಾಗಿ 280.

ಹೊಗೆಯ ಮಾತೂ ಆಡಬೇಕು

ಹಳೇದೆಲ್ಲ ಚಿನ್ನ ಅಂತ ಹೇಳಿ ಮುಗಿಸಿದ್ರೆ ಅದು ಅನ್ಯಾಯ. ಟೂ ಸ್ಟ್ರೋಕ್ ಸತ್ತಿದ್ದು ಯಾರ ಪಿತೂರಿಯಿಂದಲೂ ಅಲ್ಲ. ಉರಿಯದ ಪೆಟ್ರೋಲ್, ಉರಿಯೋ ಆಯಿಲ್ ಎರಡನ್ನೂ ಅದು ಬೀದಿಗೆ ಬಿಡ್ತಿತ್ತು. 1996 ಮತ್ತು 2000ನೇ ಇಸವಿಯ ಹೊಗೆ ನಿಯಮಗಳು ಬಿಗಿಯಾದಂತೆ ಅದಕ್ಕೆ ಜಾಗ ಇಲ್ಲದಾಯ್ತು. ಪೋರ್ಟ್ ಏರಿಸಿದ ಇಂಜಿನ್ನಂತೂ ನಿಧಾನಕ್ಕೆ ಹೋಗುವಾಗ ಇನ್ನೂ ಜಾಸ್ತಿ ಉಗುಳತ್ತೆ. ಮಾವನ ಎದೆಯಲ್ಲಿ ಇವತ್ತಿಗೂ ಇರೋ ಕೆಮ್ಮು ಎಲ್ಲಿಂದ ಬಂತು ಅಂತ ಡಾಕ್ಟರ್ ಹೇಳಿಲ್ಲ. ಆದ್ರೆ ಕಿಟಕಿ ಇಲ್ಲದ ಶೆಡ್ಡಿನಲ್ಲಿ ಇಪ್ಪತ್ತೈದು ವರ್ಷ ಇಂಜಿನ್ ರೈಸ್ ಮಾಡಿದವರು ಅವರು.

ಕಾನೂನಿನ ವಿಷಯವೂ ಗೊತ್ತಿರಲಿ. ದೆಹಲಿ ಸುತ್ತಮುತ್ತ ಇರೋರಿಗೆ ಹದಿನೈದು ವರ್ಷ ದಾಟಿದ ಪೆಟ್ರೋಲ್ ಗಾಡಿಯ ಕಷ್ಟ ಹೇಳಬೇಕಾಗಿಲ್ಲ. 2021ರಲ್ಲಿ ಬಂದ ವಿಂಟೇಜ್ ನಿಯಮದ ಪ್ರಕಾರ 50 ವರ್ಷ ಆಗಿರಬೇಕು. ಅಂದ್ರೆ ಮೊದಲ ಆರ್‌ಎಕ್ಸ್ 100 ಕೂಡ 2035ರವರೆಗೆ ಕಾನೂನಿನ ಕಣ್ಣಲ್ಲಿ ವಿಂಟೇಜ್ ಅಲ್ಲ, ಬರೀ ಹಳೇ ಗಾಡಿ. ಅದಕ್ಕೇ ನಮ್ಮ ಗಾಡಿಯನ್ನ ಮೈಸೂರಲ್ಲೇ ಇಟ್ಟು, ಅಲ್ಲೇ ಎಫ್‌ಸಿ ಮಾಡಿಸೋದು ಅಂತ ತೀರ್ಮಾನ ಮಾಡಿದ್ದೀನಿ.

ಸಾವಿರ ರೂಪಾಯಿ

ಒಂದು ವಿಷಯ ವಿಡಿಯೋದಲ್ಲಿ ಹೇಳಿರಲಿಲ್ಲ. ಹೇಳೋಕೆ ನಾಚಿಕೆ ಆಯ್ತು, ಬರೆಯೋದು ಸುಲಭ.

ಪುಣೆಯ ಆ ಲೇಥ್ ಅಂಗಡಿಯಲ್ಲಿ ಪೋರ್ಟ್ ಕೆಲಸ ಮಾಡಿದ್ದು ಅರವತ್ತು ದಾಟಿದ ಒಬ್ಬ ಮರಾಠಿ ಹಿರಿಯರು. ಅವರು ಕೇಳಿದ್ದು 4,000. ನಾನು 3,000ಕ್ಕೆ ಇಳಿಸಿದೆ. ಹೇಗೆ ಇಳಿಸಿದೆ ಗೊತ್ತಾ? ಫೋನ್ ತೆಗೆದು ಮಾವನ ಬಿಲ್ಲಿನ ಫೋಟೋ ತೋರಿಸಿದೆ. "ಕಾಕಾ, ನೋಡಿ, ನಮ್ಮೂರಲ್ಲಿ ಇದು ಐವತ್ತು ರೂಪಾಯಿ ಇತ್ತು" ಅಂತ ತಮಾಷೆ ಮಾಡಿದೆ. ಅವರು ಕನ್ನಡಕ ಏರಿಸಿ ಬಿಲ್ಲನ್ನೇ ನೋಡಿದ್ರು. "ಇದನ್ನ ಬರೆದವರು ಇನ್ನೂ ಇದ್ದಾರಾ? ಮನೆ ಕಟ್ಟಿದ್ರಾ?" ಅಂತ ಕೇಳಿದ್ರು. ಇದ್ದಾರೆ, ಮನೆ ಕಟ್ಟಲಿಲ್ಲ, ಬಾಡಿಗೆ ಮನೆ ಅಂದೆ. ಅವರು ಮತ್ತೆ ಮಾತಾಡದೆ 3,000ಕ್ಕೆ ಒಪ್ಪಿ, ಅರ ಕೈಗೆತ್ತಿಕೊಂಡ್ರು.

ಮಾವ ಶೆಡ್ ಮಾರಿದ್ದು ಅತ್ತೆಯ ಆಪರೇಷನ್ನಿಗೆ. ಅವರಿಗೆ ಪಿಎಫ್ ಇಲ್ಲ, ಪೆನ್ಶನ್ ಇಲ್ಲ. ಅವರ ಕೈಯಲ್ಲಿ ಟ್ಯೂನ್ ಆದ ಗಾಡಿಗಳು ಇವತ್ತು ಲಕ್ಷದ ಮಾತಾಡ್ತಾವೆ. ಅದರಲ್ಲಿ ಒಂದು ರೂಪಾಯಿಯೂ ಅವರ ಕಡೆ ಹರಿದಿಲ್ಲ. ಅಂಥವರ ಬಿಲ್ಲನ್ನೇ ಹಿಡ್ಕೊಂಡು ಅಂಥವರದ್ದೇ ಇನ್ನೊಬ್ಬರ ಕೂಲಿ ಮುರಿದೆ ನಾನು.

ಮುಂದಿನ ಶನಿವಾರ ಬ್ಲಾಕ್ ತರೋಕೆ ಹೋದಾಗ 4,000 ಕೊಟ್ಟೆ. ಕಾಕಾ ಎಣಿಸಿ, ಸಾವಿರ ವಾಪಸ್ ಚಾಚಿದ್ರು, ಮಾತು ಅಂದ್ರೆ ಮಾತು ಅಂತ. ತಗೊಳ್ಳಲಿಲ್ಲ. ಕೊನೆಗೆ ಅಂಗಡಿಯ ಹುಡುಗನ ಕೈಗೆ ಹೋಯ್ತು. ಬ್ಲಾಕನ್ನ ಮಾವನಿಗೆ ವಿಡಿಯೋ ಕಾಲಿನಲ್ಲಿ ತೋರಿಸಿದೆ. ಟಾರ್ಚ್ ಹಿಡಿದು ಪೋರ್ಟಿನ ಅಂಚು ನೋಡಿದ ಮಾವ, "ಫೋನ್ ಅವರಿಗೆ ಕೊಡು" ಅಂದ್ರು. ಮಾವನಿಗೆ ಮರಾಠಿ ಬರಲ್ಲ, ಕಾಕಾಗೆ ಕನ್ನಡ ಬರಲ್ಲ. ಹತ್ತು ನಿಮಿಷ ಮಾತಾಡಿದ್ರು. ಅರ, ಮಿಲಿಮೀಟರ್, ಜೆಟ್ ನಂಬರ್, ಶೋಳಾವರಂ ಇಷ್ಟೇ ಪದ ನನಗೆ ಕೇಳಿಸಿದ್ದು.

ಇಂಜಿನ್ ಈಗ ಮೈಸೂರಿಗೆ ಹೋಗಿದೆ. ಯುಗಾದಿಗೆ ಕೂರಿಸ್ತೀವಿ. ಜೆಟ್ಟಿಂಗ್ ಮಾತ್ರ ತಾನೇ ಮಾಡೋದು ಅಂತ ಮಾವ ಈಗಲೇ ಹೇಳಿಟ್ಟಿದ್ದಾರೆ. ಬಿಲ್ ಹಾಕಿ ಅಂದಿದ್ದೀನಿ. "ನಿನಗೇನೋ ಬಿಲ್ಲು" ಅಂತಾರೆ. ಈ ಸಲ ಬಿಡೋದಿಲ್ಲ, ಅದೇ ಹಳೇ ಪುಸ್ತಕದಲ್ಲಿ, ಕಾರ್ಬನ್ ಇಟ್ಟು ಬರೆಸ್ತೀನಿ.

ನಿಮ್ಮ ಮನೆಯಲ್ಲೂ ಇಂಥ ರಸೀದಿ, ಬಿಲ್ ಬುಕ್ ಇದ್ರೆ ಎಸೀಬೇಡಿ. ಮುಂದಿನ ಸಲ ಊರಿಗೆ ಹೋದಾಗ ಹುಡುಕಿ, ಬರೆದವರು ಇದ್ರೆ ಪಕ್ಕದಲ್ಲಿ ಕೂತು ಒಂದೊಂದು ಸಾಲೂ ಕೇಳಿ. ಸಾಮಾನಿನ ಬೆಲೆ ಅದರಲ್ಲೇ ಇರತ್ತೆ, ಉಳಿದದ್ದು ಅವರ ಬಾಯಲ್ಲಿ ಇರತ್ತೆ.